ಬೇವಿನ ಮರದಲ್ಲಿ ಎರಡು ಚೀಲ

ನಾಸಿಕದಲ್ಲಿ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ಅದರಲ್ಲಿ ಬೇವಿನ ಹಣ್ಣಿಗಿಂತ ನಮ್ಮ ನೆಂಟರೇ ಹೆಚ್ಚು ತೂಗುತ್ತಿದ್ದರು ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಾನು ತಮಾಷೆ ಮಾಡುತ್ತಿಲ್ಲ.

ಅಪ್ಪ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಧಾರವಾಡದಿಂದ ಬಂದವರು, ಕಾರ್ಖಾನೆಯ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೆಂದು ಪಂಚವಟಿಯಲ್ಲಿ ಮನೆ ಹಿಡಿದರು. ಅದು ಗೋದಾವರಿಯ ರಾಮಕುಂಡಕ್ಕೂ ಅಷ್ಟೇ ಹತ್ತಿರ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ. ರಾಮಕುಂಡದಲ್ಲಿ ಬಿಟ್ಟ ಎಲುಬು ಕರಗಿ ನೀರಾಗುತ್ತದೆ ಎಂದು ನಂಬಿಕೆ. ಹೀಗಾಗಿ ಊರ ಕಡೆ ಯಾರೇ ತೀರಿಕೊಂಡರೂ ಅವರ ಅಸ್ಥಿ ತೆಗೆದುಕೊಂಡು ಬರುವವರು ಇಳಿಯುವುದು ನಮ್ಮಲ್ಲೇ. ಅಸ್ಥಿ ಹೊಸ್ತಿಲು ದಾಟಬಾರದು, ನೆಲಕ್ಕೂ ತಾಗಬಾರದು. ಬಂದವರು ಮೊದಲು ಗಡಿಗೆಯನ್ನೋ ಗಂಟನ್ನೋ ಬೇವಿನ ಟೊಂಗೆಗೆ ಕಟ್ಟಿ, ಆಮೇಲೆ ಕೈಕಾಲು ತೊಳೆದು ಒಳಗೆ ಬಂದು ಚಹಾ ಕುಡಿಯುತ್ತಿದ್ದರು. ಶಾಲೆಯಿಂದ ಬರುವಾಗ ನಾನು ದೂರದಿಂದಲೇ ಟೊಂಗೆ ನೋಡಿ ಮನೆಯಲ್ಲಿ ನೆಂಟರಿದ್ದಾರೋ ಇಲ್ಲವೋ ಹೇಳುತ್ತಿದ್ದೆ. ಗಾಳಿ ಬಂದಾಗ ಗಡಿಗೆ ತಾನಾಗಿ ತಿರುಗುತ್ತ, ಒಮ್ಮೆ ಬೀದಿಯ ಕಡೆ ಒಮ್ಮೆ ನಮ್ಮ ಬಾಗಿಲ ಕಡೆ ಮುಖ ಮಾಡುತ್ತಿತ್ತು. ಗಡಿಗೆಗೆ ಮುಖವಿಲ್ಲವೆಂದು ಗೊತ್ತಿದ್ದೂ ನನಗೆ ಹಾಗೇ ಕಾಣುತ್ತಿತ್ತು.

ಆ ಮರದಲ್ಲಿ ನಿಂತ ಕೈಗೆ ಎಟುಕುತ್ತಿದ್ದದ್ದು ಕೆಳಗಿನ ಒಂದೇ ಟೊಂಗೆ. ಅದರ ಮೇಲಿನದಕ್ಕೆ ಸ್ಟೂಲು ಬೇಕು. ಪ್ರತಿ ಮೇ ತಿಂಗಳು ಸವದತ್ತಿ ಕಡೆಯ ಹಳ್ಳಿಯಿಂದ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ತನ್ನ ಒಬ್ಬನೇ ಮಗನನ್ನು ಕರೆದುಕೊಂಡು ತವರೆಂದು ನಮ್ಮಲ್ಲಿಗೆ ಬರುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆ ಹುಡುಗ ನನಗಿಂತ ಎರಡು ವರ್ಷ ಚಿಕ್ಕವನು. ಬಂದ ದಿನವೇ ಬೇವಿನ ಬೊಡ್ಡೆಗೆ ಬೆನ್ನು ಹಚ್ಚಿ ನಿಂತು ಮೊಳೆಯಿಂದ ತನ್ನ ಎತ್ತರ ಗುರುತು ಹಾಕಿಸಿಕೊಳ್ಳುತ್ತಿದ್ದ. ಆಮೇಲೆ ಮೇಲಿನ ಟೊಂಗೆ ಮುಟ್ಟಲು ತುದಿಗಾಲಲ್ಲಿ ನಿಲ್ಲುತ್ತಿದ್ದ, ಜಿಗಿಯಬಾರದು ಎಂಬುದು ನಮ್ಮ ಕರಾರು. ಸಿಗುತ್ತಿರಲಿಲ್ಲ. ಸಿಗದಿದ್ದಾಗ ಹತ್ತೂ ಬೆರಳಿನ ನೆಟಿಗೆ ಮುರಿದು, ಬರುವ ವರ್ಷ ನೋಡು ಎನ್ನುತ್ತಿದ್ದ. ಕೊನೆಯ ಮೇ ತಿಂಗಳಲ್ಲಿ ತುದಿಗಾಲಲ್ಲಿ ಕೈ ಚಾಚಿ ನಿಂತರೆ ಟೊಂಗೆಗೂ ಅವನ ಬೆರಳಿಗೂ ನಾಲ್ಕು ಬೆರಳಿನ ಅಂತರವಿತ್ತು. ಅಳತೆ ಮಾಡಿದವಳು ನಾನೇ, ಕುಳ್ಳ ಎಂದು ರೇಗಿಸಿದವಳೂ ನಾನೇ.

ಅರವತ್ತರ ದಶಕ ಮುಗಿಯುತ್ತ ಬಂದ ಆ ವರ್ಷವೇ ನಾನು ಔರಂಗಾಬಾದಿನ ಮೆಡಿಕಲ್ ಕಾಲೇಜಿಗೆ ಸೇರಿದೆ. ಈಗ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ನನ್ನದು ಮುದುಕಿಯ ನಾಲಿಗೆ, ಹಳೆಯ ಹೆಸರನ್ನೇ ಹೇಳುತ್ತದೆ. ಹೆಣ್ಣುಮಗಳು ಹೆಣ ಕೊಯ್ಯುವ ಓದು ಓದುವುದು ಅಪ್ಪನಿಗೆ ಸುತಾರಾಂ ಇಷ್ಟವಿರಲಿಲ್ಲ. ಮೂರು ದಿನ ಉಣ್ಣದೆ ಕೂತು ಗೆದ್ದೆ. ಅವರು ಒಂದು ಷರತ್ತು ಹಾಕಿದರು. “ಅಲ್ಲೇನು ಬೇಕಾದ್ದು ಮುಟ್ಟು. ಅದರಾಗಿನ ಒಂದು ಚೂರು ಈ ಮನೀಗೆ ಬಂತೋ, ನಿನ್ನ ಕಾಲೇಜು ಅವತ್ತಿಗೇ ಬಂದ್.” ಅಪ್ಪ ಆಡಿದ ಮಾತು ಹಿಂದೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಮೊದಲ ವರ್ಷವೆಲ್ಲ ಎಲುಬೇ ಎಲುಬು. ನಮಗೆ ಕಲಿಸಿದ ಗುರುಗಳು ಮೊದಲ ದಿನ ಎರಡು ಎಲುಬು ತಂದು ಮೇಜಿನ ಮೇಲಿಟ್ಟರು. ಒಂದನ್ನು ವಾರಗಟ್ಟಲೆ ಆಸಿಡ್ಡಿನಲ್ಲಿ ನೆನೆಸಿಟ್ಟಿದ್ದರಂತೆ. ನೋಡಲು ಎಲುಬೇ, ಆದರೆ ಅವರು ಅದನ್ನು ಬಗ್ಗಿಸಿ ನಮ್ಮೆದುರೇ ಗಂಟು ಹಾಕಿದರು. ಇನ್ನೊಂದು ಬೆಂಕಿಯಲ್ಲಿ ಸುಟ್ಟದ್ದು. ಆಕಾರ ಒಂದಿಷ್ಟೂ ಕೆಟ್ಟಿರಲಿಲ್ಲ, ಬೆಳ್ಳಗೆ ಸೀಮೆಸುಣ್ಣದಂತೆ ಇತ್ತು. ಬೆರಳಿನಿಂದ ಒತ್ತಿದರು, ಪುಡಿಯಾಯಿತು. ಎಲುಬಿನಲ್ಲಿ ಬಾಗುವ ನಾರೂ ಇದೆ, ಗಟ್ಟಿಯಾದ ಸುಣ್ಣವೂ ಇದೆ, ಆಸಿಡ್ಡು ಸುಣ್ಣವನ್ನು ತಿನ್ನುತ್ತದೆ, ಬೆಂಕಿ ನಾರನ್ನು ತಿನ್ನುತ್ತದೆ ಎಂದರು. ನನಗೆ ತಕ್ಷಣ ರಾಮಕುಂಡ ನೆನಪಾಯಿತು. ನೀರು ಏನನ್ನು ತಿನ್ನುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಆಮೇಲೆ ಮೃದ್ವಸ್ಥಿಯ ಪಾಠ. ಕಿವಿಯನ್ನು ಮಡಚಿ ಬಿಡಿ, ಅದೇ ಮೆದು ಎಲುಬು ಎಂದರು. ನಲವತ್ತು ಜನ ಒಟ್ಟಿಗೆ ಕಿವಿ ಮಡಚಿದೆವು. ಅದರೊಳಗೆ ರಕ್ತನಾಳವಿಲ್ಲ, ನರವಿಲ್ಲ. ಸುತ್ತಲಿನ ದ್ರವವನ್ನು ಹೀರಿಕೊಂಡೇ ಬದುಕುತ್ತದೆ. ಹರಿದರೆ ನೋವು ಅದಕ್ಕೆ ತಿಳಿಯುವುದಿಲ್ಲ, ಸರಿಯಾಗಿ ಕೂಡಿಕೊಳ್ಳುವುದೂ ಇಲ್ಲ. ಮುರಿದ ಎಲುಬು ಕೂಡುತ್ತದೆ, ಯಾಕೆಂದರೆ ಅದಕ್ಕೆ ರಕ್ತವಿದೆ. ಬೆಳೆಯುವ ಮಕ್ಕಳ ಉದ್ದ ಎಲುಬಿನ ತುದಿ ಒಂದು ಟೋಪಿಯಂತೆ ಬೇರೆಯಾಗಿಯೇ ಇರುತ್ತದೆ, ತುದಿಗೂ ಎಲುಬಿಗೂ ನಡುವೆ ಒಂದು ತೆಳ್ಳನೆಯ ಮೃದ್ವಸ್ಥಿಯ ಪದರ, ಮನುಷ್ಯ ಎತ್ತರವಾಗುವುದೆಲ್ಲ ಆ ಪದರದಲ್ಲಿ. ವಯಸ್ಸು ತುಂಬಿದಾಗ ಅದು ಎಲುಬಾಗಿ ಗಟ್ಟಿಗೊಂಡು ಬಾಗಿಲು ಮುಚ್ಚುತ್ತದೆ, ಅಲ್ಲಿಗೆ ಬೆಳವಣಿಗೆ ಮುಗಿಯಿತು. ಹುಡುಗಿಯರಲ್ಲಿ ಬೇಗ, ಹುಡುಗರಲ್ಲಿ ಒಂದೆರಡು ವರ್ಷ ತಡ. ಅವತ್ತು ರಾತ್ರಿಯ ಊಟಕ್ಕೆ ಕೂತಾಗ ನನ್ನ ಮಣಿಕಟ್ಟು ಒತ್ತಿ ನೋಡಿಕೊಂಡೆ. ನನ್ನದು ಮುಚ್ಚಿಯಾಗಿರಬೇಕು, ಅತ್ತೆಯ ಮಗನದು ಇನ್ನೂ ತೆರೆದಿದೆ, ಈ ಕುಳ್ಳ ನನ್ನನ್ನು ಮೀರಿಸುತ್ತಾನಲ್ಲ ಎಂದು ಹೊಟ್ಟೆಯುರಿಯೂ ಆಯಿತು.

ದೀಪಾವಳಿ ರಜೆ ಮುಗಿದ ಮಾರನೆಯ ದಿನವೇ ನಮಗೊಂದು ಪರೀಕ್ಷೆ ಇತ್ತು. ಬಟ್ಟೆಯ ಚೀಲದಲ್ಲಿ ಕೈಯ ಎಲುಬುಗಳನ್ನು ಹಾಕಿಟ್ಟಿರುತ್ತಾರೆ. ಒಳಗೆ ಕೈಬಿಟ್ಟು, ನೋಡದೆ, ಬರೀ ಬೆರಳಿನಿಂದ ಮುಟ್ಟಿ, ಯಾವ ಎಲುಬು, ಎಡಗೈದೋ ಬಲಗೈದೋ ಹೇಳಬೇಕು. ಹಿರಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಹತ್ತಿರವಿದ್ದ ಒಂದು ಕೈಯನ್ನು ನನಗೆ ಕೊಟ್ಟಳು. ಇಪ್ಪತ್ತೇಳು ಎಲುಬು. ಅವಳು ಅವುಗಳ ಮೇಲೆ, ನಾವೆಲ್ಲ ಮಾಡುತ್ತಿದ್ದ ಹಾಗೆ, ಮಾಂಸಖಂಡ ಶುರುವಾಗುವ ಕಡೆ ಕೆಂಪು ಶಾಯಿ, ಬಂದು ಸೇರುವ ಕಡೆ ನೀಲಿ ಶಾಯಿ ಹಚ್ಚಿ, ಪುಟ್ಟ ಇಂಗ್ಲಿಷ್ ಅಕ್ಷರ ಬರೆದಿದ್ದಳು. ಯಾರ ಕೈ ಎಂದು ಯಾರಿಗೂ ಗೊತ್ತಿಲ್ಲ. ತಮ್ಮವರೆಂದು ಹೇಳಿಕೊಳ್ಳುವವರು ಇಲ್ಲದ ಹೆಣಗಳೇ ಅಲ್ಲಿಗೆ ಬರುತ್ತಿದ್ದವು.

ಅಪ್ಪನ ಷರತ್ತು ಗೊತ್ತಿದ್ದೂ ಅದನ್ನು ನಾಸಿಕಕ್ಕೆ ತಂದೆ. ಅವ್ವನಿಗೆ ಮಾತ್ರ ಹೇಳಿದೆ. ಅವಳು ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಅಪ್ಪನ ಹಳೆಯ ಧೋತರ ಹರಿದು ಒಂದು ಚೀಲ ಹೊಲಿದಳು, ಬಟ್ಟೆ ಉಳಿಯಿತೆಂದು ಅಂಥದೇ ಇನ್ನೊಂದು ಹೊಲಿದಿಟ್ಟಳು.

“ಒಳಗ ತರಬ್ಯಾಡ. ಮರಕ್ಕ ಕಟ್ಟು,” ಅಂದಳು. “ನಿಮ್ಮಪ್ಪ ಕೇಳಿದ್ರ ಯಾರದೋ ಅಸ್ಥಿ ಅಂತೇನಿ. ಸುಳ್ಳೂ ಅಲ್ಲ.”

ಅಪ್ಪ ಕೇಳಲಿಲ್ಲ. ಟೊಂಗೆಯಲ್ಲಿ ಚೀಲ ನೋಡುವುದು ಅವರಿಗೆ ಹೊಸದಲ್ಲ. ಅವರು ಕಾರ್ಖಾನೆಗೆ ಹೋದ ಮೇಲೆ ನಾನು ಮರದ ಕೆಳಗೆ ನಿಂತು, ಕೆಳಗಿನ ಟೊಂಗೆಯ ಚೀಲದೊಳಗೆ ಕೈಬಿಟ್ಟು, ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದೆ. ಎರಡು ದಿನದಲ್ಲಿ ಹೆದರಿಕೆ ಹೋಯಿತು. ಮೂರನೆಯ ದಿನ ಒಂದು ವಿಚಿತ್ರ ಭಾವನೆ ಬಂತು. ನಾನು ಆ ಕೈಯನ್ನು ಹಿಡಿದಿಲ್ಲ, ಅದೇ ನನ್ನ ಕೈಯನ್ನು ಒಳಗಿಂದ ಮುಟ್ಟಿ ನೋಡಿ, ಇದು ಯಾರ ಬೆರಳು ಎಂದು ಲೆಕ್ಕ ಹಾಕುತ್ತಿದೆ ಎನ್ನಿಸಿತು. ಥಟ್ಟನೆ ಕೈ ತೆಗೆದುಬಿಟ್ಟೆ.

ರಜೆ ಮುಗಿಯುವ ಹಿಂದಿನ ದಿನ ಮಧ್ಯಾಹ್ನ ಅತ್ತೆ ಬಂದಳು. ಜೊತೆಗೆ ಅವಳ ಮೈದುನ. ಮಗ ಬರಲಿಲ್ಲವೇ ಎಂದು ಕೇಳಲು ಬಾಯಿ ತೆರೆದವಳು ಅವಳ ಕೈಯಲ್ಲಿದ್ದ ಗಡಿಗೆ ನೋಡಿ ನಿಂತೆ. ಅಪ್ಪನಿಗೆ ತಂತಿ ಬಂದು ಹದಿನೈದು ದಿನವಾಗಿತ್ತಂತೆ. ನನ್ನ ಓದು ಕೆಡುತ್ತದೆಂದು ನನಗೆ ಹೇಳಿರಲಿಲ್ಲ, ರಜೆಗೆ ಬಂದ ಮೇಲೂ ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ದಸರೆಯ ನಂತರ ನಾಲ್ಕು ದಿನ ಜ್ವರ ಬಂದು ಹುಡುಗ ಹೋಗಿಬಿಟ್ಟಿದ್ದ. ಒಂದಿಷ್ಟು ಅಸ್ಥಿ ಮಲಪ್ರಭೆಗೆ ಬಿಟ್ಟು, ಉಳಿದದ್ದನ್ನು ಗೋದಾವರಿಗೆಂದು ತಂದಿದ್ದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು, ಅವ್ವನ ಮೇಲೆ, ಅಪ್ಪನ ಮೇಲೆ, ಆ ಗಡಿಗೆಯ ಮೇಲೆ.

ದಾರಿಯಲ್ಲಿ ಗಡಿಗೆ ಸೀಳು ಬಿಟ್ಟಿತ್ತು. ಅವ್ವ ಒಳಗಿನಿಂದ ಆ ಎರಡನೆಯ ಚೀಲ ತಂದುಕೊಟ್ಟಳು. ಮೈದುನ ಅಸ್ಥಿಯನ್ನು ಅದಕ್ಕೆ ಸುರಿದು, ಕೆಳಗಿನ ಟೊಂಗೆಯಲ್ಲಿ ನನ್ನ ಚೀಲವಿದ್ದುದರಿಂದ, ಸ್ಟೂಲು ಹತ್ತಿ ಮೇಲಿನ ಟೊಂಗೆಗೆ ಕಟ್ಟಿದ. ಕೆಳಗಿನದು ಯಾರದು ಎಂದು ಅತ್ತೆ ಕೇಳಿದಾಗ ನಾನು ಓದುವ ಎಲುಬು ಎಂದೆ. ಅವಳು ಬೈಯಲಿಲ್ಲ. ಸಂಜೆಗೆ ಮುಂಚೆ ನಾನು ಕೊನೆಯ ಸಲ ಅಭ್ಯಾಸ ಮಾಡುತ್ತ ಎಲುಬುಗಳನ್ನು ಒಂದೊಂದಾಗಿ ಹೊರತೆಗೆದು ನೋಡುವಾಗ, ಕಟ್ಟೆಯ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಬೇಕಿತ್ತು. ಪರೀಕ್ಷೆಯ ಹೆಸರಿನಲ್ಲಿ ಮನುಷ್ಯರು ಎಷ್ಟು ಕಲ್ಲಾಗಬಹುದು ಎಂಬುದಕ್ಕೆ ನಾನೇ ಸಾಕ್ಷಿ.

ಮರುದಿನ ಬೆಳಗಿನ ಮೊದಲ ಎಸ್.ಟಿ. ಬಸ್ಸು ನನ್ನದು. ಇನ್ನೂ ಬೆಳಕಾಗಿರಲಿಲ್ಲ, ನದಿಯಿಂದ ಎದ್ದ ಮಂಜು ಅಂಗಳದವರೆಗೆ ಬಂದಿತ್ತು. ಟ್ರಂಕು, ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಟಾಂಗಾದವನು ಆವಾಜು ಹಾಕುತ್ತಿದ್ದ. ಕೆಳಗಿನ ಟೊಂಗೆಗೆ ಕೈ ಹಾಕಿ ಚೀಲ ಬಿಚ್ಚಿಕೊಂಡು ಓಡಿದೆ. ಅತ್ತೆ ಮತ್ತು ಮೈದುನ ಆಮೇಲೆ ರಾಮಕುಂಡಕ್ಕೆ ಹೊರಡುವವರಿದ್ದರು.

ಬಸ್ಸು ನಿಫಾಡ ದಾಟಿತು. ಚೀಲ ನನ್ನ ತೊಡೆಯ ಮೇಲಿತ್ತು. ಯೇವಲಾ ಇನ್ನೂ ಸ್ವಲ್ಪ ದೂರವಿದ್ದಾಗ, ಮರುದಿನದ ಪರೀಕ್ಷೆ ನೆನಪಾಗಿ, ಸೆರಗಿನ ಮರೆಯಲ್ಲಿ ಚೀಲದ ಬಾಯಿ ಸಡಿಲಿಸಿ ಕೈ ಒಳಗೆ ಬಿಟ್ಟೆ. ಬೆರಳಿಗೆ ಸಿಕ್ಕ ಮೊದಲ ಎಲುಬಿಗೆ ಹೆಸರು ಹೊಳೆಯಲಿಲ್ಲ. ಎರಡನೆಯದಕ್ಕೂ ಹೊಳೆಯಲಿಲ್ಲ. ಒರಟಾಗಿತ್ತು, ಬಿರುಕುಬಿರುಕಾಗಿತ್ತು, ನಾನು ಒತ್ತಿದ ಕಡೆ ಮೆಲ್ಲಗೆ ಉದುರಿತು. ಕೈ ಹೊರತೆಗೆದೆ. ಬೆರಳೆಲ್ಲ ಬೂದಿ.

ನನಗೆ ಎಲ್ಲವೂ ಆ ಕ್ಷಣವೇ ಅರ್ಥವಾಯಿತು, ಹೇಗಾಯಿತು ಎಂಬುದೊಂದು ಬಿಟ್ಟು. ನಾನು ನನ್ನ ಟೊಂಗೆಯಿಂದಲೇ ತೆಗೆದುಕೊಂಡಿದ್ದೆ, ಅದರಲ್ಲಿ ಸಂಶಯವಿರಲಿಲ್ಲ. ಹಾಗಾದರೆ ಇವನು ಕೆಳಗೆ ಹೇಗೆ ಬಂದ? ತಾನಾಗಿ ಇಳಿದನೇ? ಹಗಲು ಹೊತ್ತು, ತುಂಬಿದ ಬಸ್ಸು, ಪಕ್ಕದಲ್ಲಿ ಪೈಠಣಿ ಸೀರೆ ನೇಯುವ ಮನೆಯ ಒಬ್ಬ ಹೆಂಗಸು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಅಷ್ಟು ಜನರ ನಡುವೆ ನನ್ನ ಬೆನ್ನು ತಣ್ಣಗಾಯಿತು.

“ಕಾಯ ಆಹೇ ತ್ಯಾತ?” ಎಂದು ಆ ಹೆಂಗಸು ಮರಾಠಿಯಲ್ಲಿ ಕೇಳಿದಳು, ಅದರಲ್ಲಿ ಏನಿದೆ ಎಂದು. ನನ್ನ ಅತ್ತೆಯ ಮಗ ಎಂದು ಬಾಯಿಗೆ ಬಂದುಬಿಟ್ಟಿತ್ತು. ರಂಗೋಲಿ ಪುಡಿ ಎಂದೆ.

ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ತಿರುಗಿ ನಾಸಿಕದ ಬಸ್ಸು ಹತ್ತಬಹುದಿತ್ತು. ಹೊತ್ತು ಲೆಕ್ಕ ಹಾಕಿದೆ, ರಾಮಕುಂಡದಲ್ಲಿ ಆಗಲೇ ಎಲ್ಲ ಮುಗಿದಿರುತ್ತದೆ. ಯಾರದೋ ಕೈಯನ್ನು ಅತ್ತೆ ತನ್ನ ಮಗನೆಂದು ನೀರಿಗೆ ಬಿಟ್ಟಿರುತ್ತಾಳೆ. ಈಗ ಹೋಗಿ ಹೇಳಿದರೆ ಅವಳ ಗತಿ ಏನು? ಅಪ್ಪನಿಗೆ ಗೊತ್ತಾದರೆ ನನ್ನ ಗತಿ ಏನು? ಮೊದಲನೆಯ ಪ್ರಶ್ನೆಗೆ ಅಂಜಿ ಇಳಿಯಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನ್ನನ್ನು ಸೀಟಿನಲ್ಲಿ ಕೂರಿಸಿದ್ದು ಎರಡನೆಯದು.

ಹಾಸ್ಟೆಲಿಗೆ ಹೋಗಿ ಬಾಗಿಲ ಮುಂದೆ ನಿಂತವಳಿಗೆ ಒಳಗೆ ಕಾಲಿಡಲು ಆಗಲಿಲ್ಲ. ದಿನಾ ಎಲುಬಿನ ಜೊತೆ ಮಲಗುವ ಹುಡುಗಿಯರ ಕೋಣೆ ಅದು, ಮಂಚದ ಕೆಳಗೆಲ್ಲ ತಲೆಬುರುಡೆ. ಆದರೂ ಈ ಚೀಲವನ್ನು ಹೊಸ್ತಿಲು ದಾಟಿಸಲು ನನ್ನ ಕೈ ಬರಲಿಲ್ಲ. ಹಿಂದಿನ ಅಂಗಳದ ಗುಲ್‌ಮೊಹರ್ ಮರಕ್ಕೆ ಕಟ್ಟಿದೆ. ಕಟ್ಟುವ ಮುಂಚೆ ಒಮ್ಮೆ ಒಳಗೆ ನೋಡಿದೆ. ಮೇಲೇ ಇತ್ತು, ಮುಂಗೈ ಎಲುಬಿನ ತುದಿಯ ಟೋಪಿ, ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಬಿಡಿಯಾಗಿ. ಅದರ ಒಳಮೈ ಉಬ್ಬುತಗ್ಗಾಗಿತ್ತು. ನಡುವಿದ್ದ ಮೆದು ಪದರ ಬೆಂಕಿಗೆ ಹೋಗಿತ್ತು. ಪುಸ್ತಕದಲ್ಲಿದ್ದ ಚಿತ್ರವೇ. ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ನನ್ನೊಳಗಿನ ವಿದ್ಯಾರ್ಥಿನಿಗೆ ಒಂದು ಗಳಿಗೆ ಖುಷಿಯಾಯಿತು. ಆ ಖುಷಿಗೆ ನಾನು ಇವತ್ತಿಗೂ ನಾಚುತ್ತೇನೆ. ಆಮೇಲೆ ಮರದ ಬುಡಕ್ಕೆ ಕೂತು ಅತ್ತುಬಿಟ್ಟೆ.

ಮರುದಿನ ಪರೀಕ್ಷೆಯಲ್ಲಿ ಗುರುಗಳು ಚೀಲ ಮುಂದೆ ಹಿಡಿದರು. ಕೈ ಒಳಗೆ ಬಿಟ್ಟೆ. ನುಣುಪಾದ ಎಲುಬು ಬೆರಳಿಗೆ ಸಿಕ್ಕಿತು. ಯಾವುದು ಎಂದರು.

“ಸುಟ್ಟಿಲ್ಲ ಸರ್,” ಎಂದೆ.

ಎಲ್ಲರೂ ನಕ್ಕರು. ನಾನು ಹೊರತೆಗೆದ ಕೈಯ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ತೊಳೆದು ತೊಳೆದು ಚರ್ಮ ಸುಲಿದಿದ್ದರೂ ಉಗುರಿನ ಸಂದಿಯಲ್ಲಿ ಬಿಳಿ ಗೆರೆ ಉಳಿದಿತ್ತು. ಅವತ್ತು ಫೇಲಾದೆ.

ಅಲ್ಲಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿನ ಅಂಗಳದಿಂದ ಸಪ್ಪಳ ಕೇಳತೊಡಗಿತು. ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಗುಲ್‌ಮೊಹರಿನ ಒಣಗಿದ ಕಾಯಿ ಒಂದಕ್ಕೊಂದು ಬಡಿಯುತ್ತಿವೆ, ಅಷ್ಟೇ ಎಂದು ಕೋಣೆಯ ಗೆಳತಿ ಹೇಳಿದಳು. ಇರಬಹುದು. ಆದರೆ ಕಾಯಿ ಗಾಳಿ ಬೀಸಿದಷ್ಟು ಹೊತ್ತು ಬಡಿಯಬೇಕು. ಇದು ಲೆಕ್ಕವಾಗಿ ಹತ್ತು ಸಲ ಆಗಿ ನಿಲ್ಲುತ್ತಿತ್ತು. ಹತ್ತು ಬೆರಳಿನ ನೆಟಿಗೆ. ನಾನು ಎಣಿಸುವುದನ್ನು ಬಿಡಬೇಕೆಂದು ಕಿವಿಯನ್ನು ಮಡಚಿ ಒತ್ತಿಕೊಳ್ಳುತ್ತಿದ್ದೆ, ಆಗ ನನ್ನ ಬೆರಳಿಗೆ ನನ್ನ ಮೆದು ಎಲುಬು ಸಿಗುತ್ತಿತ್ತು.

ಹತ್ತು ದಿನಕ್ಕೆ ಅವ್ವನ ಪತ್ರ ಬಂತು. ಮೈದುನ ಊರಿಗೆ ಹೋದನಂತೆ, ಅತ್ತೆ ನಮ್ಮಲ್ಲೇ ಉಳಿದಿದ್ದಾಳಂತೆ. ಮುಂದಿನದನ್ನು ಎರಡು ಸಲ ಓದಿದೆ. ನದಿಗೆ ಬಿಡುವ ಮುಂಚೆ ಅತ್ತೆ ಒಂದು ಎಲುಬು ಕೈಗೆ ತೆಗೆದುಕೊಂಡು ನೋಡಿದಳಂತೆ. ಅದರ ಮೇಲೆ ಕೆಂಪು ನೀಲಿ ಬಣ್ಣದಲ್ಲಿ ಏನೋ ಬರೆದಿತ್ತಂತೆ. ಭಟ್ಟರು ಅವಸರ ಮಾಡಿ ಚೀಲದ ಸಮೇತ ನೀರಿಗೆ ಬಿಡಿಸಿದರಂತೆ. ಮಗಳು ಎಲುಬು ಓದುವವಳು, ಅವಳು ಬರಲಿ, ಏನು ಬರೆದಿತ್ತು ಎಂದು ಕೇಳಬೇಕು ಎಂದು ದಿನಾ ಹೇಳುತ್ತಾಳಂತೆ. ಅವಳಿಗೆ ತಲೆ ಕೆಟ್ಟಿದೆ ಎಂದು ನಿಮ್ಮಪ್ಪ ಅನ್ನುತ್ತಾರೆ, ನೀನು ಬಂದು ಹಣೆಬರಹ ಅಂತ ಏನಾದರೂ ಹೇಳು, ಆ ಜೀವಕ್ಕೆ ಸಮಾಧಾನ ಆಗಲಿ ಎಂದು ಅವ್ವ ಬರೆದಿದ್ದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವಂತೆ ನಾನು ಪತ್ರ ಹಿಡಿದೇ ಎದ್ದು ಹೋಗಿ ಮರದಲ್ಲಿ ಚೀಲ ಇದೆಯೋ ಎಂದು ನೋಡಿದೆ.

ಶನಿವಾರ ಚೀಲ ತೆಗೆದುಕೊಂಡು ನಾಸಿಕಕ್ಕೆ ಹೋದೆ. ದಾರಿಯುದ್ದಕ್ಕೂ ಒಂದು ಯೋಜನೆ ಹಾಕಿದೆ. ಅತ್ತೆಗೆ ಅವ್ವ ಹೇಳಿಕೊಟ್ಟ ಸುಳ್ಳು ಹೇಳುವುದು. ಬೆಳಗಿನ ಜಾವ ಒಬ್ಬಳೇ ರಾಮಕುಂಡಕ್ಕೆ ಹೋಗಿ ಇವನನ್ನು ನೀರಿಗೆ ಬಿಡುವುದು. ಯಾರಿಗೂ ತಿಳಿಯುವುದಿಲ್ಲ, ನನ್ನ ಕಾಲೇಜೂ ಉಳಿಯುತ್ತದೆ. ಅಂಗಳ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಅಪ್ಪ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ, ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬೇವಿನ ಕಟ್ಟೆಯ ಮೇಲೆ ಅತ್ತೆ ಒಬ್ಬಳೇ ಕೂತಿದ್ದಳು. ಅವಳ ಪಕ್ಕದಲ್ಲಿ ಎರಡು ತಾಟು ಮುಚ್ಚಿಟ್ಟಿತ್ತು.

“ಬಂದಿ?” ಅಂದಳು. ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿನ ಚೀಲದ ಕಡೆ ನೋಡಿ ಕೇಳಿದಂತಿತ್ತು.

“ಬಂದೆ ಅತ್ತಿ. ಅವ್ವ ಪತ್ರ ಬರದಿದ್ಲು.”

“ಹೌದು. ಎಲುಬಿನ ಮ್ಯಾಲ ಬರದಿತ್ತು, ಕೆಂಪು ನೀಲಿ. ನಾ ಸಾಲಿ ಕಲತಾಕಿ ಅಲ್ಲ. ನೀ ಹೇಳು, ಏನ್ ಬರದಿತ್ತು?”

ನಾನು ದಾರಿಯಲ್ಲಿ ಕಲಿತ ಸುಳ್ಳನ್ನೇ ಹೇಳಿದೆ. “ಅದು ಎಲ್ಲಾರ ಎಲುಬಿನ ಮ್ಯಾಲೂ ಇರ್ತದ್ರಿ ಅತ್ತಿ. ಹಣೆಬರಹ ಇದ್ದಂಗ. ಅವನ ಆಯುಷ್ಯ ಇಷ್ಟಽ ಅಂತ...”

“ಸುಳ್ಳ ಹೇಳಬ್ಯಾಡ ನನ್ನವ್ವ,” ಅಂದಳು, ಬಹಳ ಮೆಲ್ಲಗೆ. “ಆ ಬಣ್ಣದ ಎಲುಬು ನಿನ್ನ ಕೈಯಾಗ ನೋಡಿದ್ದೆ, ಇಲ್ಲೇ ಕುಂತು. ನೀರಿನ ದಂಡ್ಯಾಗ ಕೈಗೆ ತಗೊಂಡ ಕೂಡಲೇ ಗೊತ್ತಾತು.”

ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ತಪ್ಪಾಯಿತು, ಬಸ್ಸಿನಲ್ಲೇ ಗೊತ್ತಾಯಿತು, ತಿರುಗಿ ಬರಲಿಲ್ಲ, ಹೆದರಿದೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಟ್ಟೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

“ತಪ್ಪು ನಿಂದಲ್ಲ. ಆ ದಿನ ಹೊತ್ತು ಮುಳುಗೂ ಮುಂದ ಗಾಳಿ ಬಿಟ್ಟಿತ್ತು. ಮ್ಯಾಲಿನ ಟೊಂಗ್ಯಾಗ ಅವನ ಚೀಲ ತೂಗಾಡಾಕತ್ತಿತ್ತು. ಚಳಿ ಆದೀತು ಅಂತ ಸ್ಟೂಲ್ ಹತ್ತಿ, ಅವನ್ನ ಕೆಳಗ ಕಟ್ಟಿ, ನಿನ್ನ ಚೀಲ ಮ್ಯಾಲ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ನಗ್ತಿದ್ರು.”

ಅವನು ಕೆಳಗೆ ಬಂದದ್ದು ಹೀಗೆ. ಇಷ್ಟು ದಿನ ನನ್ನ ಬೆನ್ನು ತಣ್ಣಗೆ ಮಾಡಿದ್ದು ಒಬ್ಬ ತಾಯಿ ಸ್ಟೂಲು ಹತ್ತಿದ್ದು.

“ಗೊತ್ತಾದ ಮ್ಯಾಲ ಯಾಕ ಸುಮ್ಮನಿದ್ರಿ ಅತ್ತಿ? ಅಲ್ಲೇ ಹೇಳಬೇಕಿತ್ತಲ್ಲ?”

“ನಿಮ್ಮಪ್ಪಗ ಗೊತ್ತಾದ್ರ ನಿನ್ನ ಓದು ಬಿಡಸ್ತಿದ್ದ. ಅದಕ್ಕಽ ನಿಮ್ಮವ್ವಗ ಬರಹದ ಕತಿ ಹೇಳಿ ನಿನ್ನ ಕರಿಸಿದೆ.” ಅವಳು ಪಕ್ಕದ ತಾಟುಗಳ ಮುಚ್ಚಳ ತೆಗೆದಳು. “ಅದೂ ಖರೆ ಅಲ್ಲ. ಆ ಹೊತ್ತಿನ್ಯಾಗ ನನಗ ಅನಿಸಿದ್ದು ಒಂದಽ. ಅವ ಇನ್ನೂ ಹೋಗಿಲ್ಲ. ಬಸ್ಸಿನ್ಯಾಗ ನಿನ್ನ ಸಂಗಾಟ ಔರಂಗಾಬಾದಿಗೆ ಹೋಗ್ಯಾನ, ತಿರಗಿ ಬರ್ತಾನ. ಇಷ್ಟು ದಿನ ಅದನ್ನಽ ಅನಕೋತ ಇದ್ದೆ. ಭಾಳ ಆರಾಮ ಇತ್ತು.”

ಎರಡು ತಾಟು ಯಾರಿಗೆಂದು ನನಗೆ ಆಗ ತಿಳಿಯಿತು. ಒಂದು ನನಗೆ. ಇನ್ನೊಂದರ ಮೇಲೆ ಅವನು ಇಷ್ಟಪಡುತ್ತಿದ್ದ ಶೇಂಗಾ ಹೋಳಿಗೆ ಇತ್ತು.

“ಮತ್ತ ಆ ಕೈ?” ಎಂದು ಕೇಳಿದೆ.

“ಅದೂ ಯಾವ ತಾಯಿ ಮಗನದೋ. ನನ್ನ ಮಗನ ಹೆಸರು ಹೇಳಿ ಭಟ್ಟರು ಮಂತ್ರ ಅಂದ್ರು. ಹೇಳವ್ರು ಕೇಳವ್ರು ಇಲ್ಲದ್ದು, ಹೋಗಿ ಮುಟ್ಲಿ.” ಕೈ ಚಾಚಿದಳು. “ಕೊಡು ಅವನ್ನ.”

ಚೀಲ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಚ್ಚಿದಳು. ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ನಾನು ನೋಡಿದ್ದೆನಲ್ಲ, ಆ ಟೋಪಿಯಂಥ ತುಂಡನ್ನೇ ಎರಡು ಬೆರಳಿನಲ್ಲಿ ಹಿಡಿದು ತೆಗೆದು, ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದಳು.

“ನೀ ಎಲುಬು ಓದಾಕಿ ಹೌದಲ್ಲೋ? ಸುಳ್ಳ ಬ್ಯಾಡ. ಇದರಾಗ ಏನದ, ಅದನ್ನ ಹೇಳು.”

ನಾನು ಹೇಳಿದೆ. ಇದು ಮುಂಗೈಯ ತುದಿ. ಇದು ಎಲುಬಿಗೆ ಇನ್ನೂ ಅಂಟಿರಲಿಲ್ಲ. ಇಲ್ಲಿ, ಈ ಉಬ್ಬುತಗ್ಗಿನ ಕಡೆ, ಕಿವಿಯಂಥ ಮೆದು ಎಲುಬು ಇತ್ತು. ಬೆಳೆಯುವುದು ಅದರಲ್ಲೇ. ಅದು ಮುಚ್ಚಿರಲಿಲ್ಲ. ಅವನು ಇನ್ನೂ ಬೆಳೆಯುವವನಿದ್ದ.

“ಇನ್ನೂ ಎಷ್ಟು?”

ಆ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ನಾನು ಎದ್ದು ಬೊಡ್ಡೆಯ ಹತ್ತಿರ ಹೋದೆ. ಮೇ ತಿಂಗಳ ಮೊಳೆಯ ಗುರುತು ಇನ್ನೂ ಸ್ಪಷ್ಟವಾಗಿತ್ತು, ಅಂಚಿನಲ್ಲಿ ಅಂಟು ಒಸರಿ ಗಟ್ಟಿಯಾಗಿತ್ತು. ಅದರ ಮೇಲೆ ನನ್ನ ನಾಲ್ಕು ಬೆರಳು ಅಡ್ಡ ಇಟ್ಟೆ.

“ಇಷ್ಟು ಆಗತಿದ್ದ ಅತ್ತಿ. ಕೈನೂ ಉದ್ದ ಆಗತಿದ್ವು.”

ಅವಳು ಎದ್ದು ಬಂದು ನನ್ನ ಬೆರಳಿನ ಮೇಲಂಚನ್ನು ಮುಟ್ಟಿ ನೋಡಿದಳು. ಅಲ್ಲಿಂದ ಅವಳ ಕಣ್ಣು ಮೇಲೆ, ಇನ್ನೂ ಮೇಲೆ ಹೋಗಿ ಟೊಂಗೆಯ ಹತ್ತಿರ ನಿಂತಿತು. ಮೊಳೆ ಹುಡುಕಿ ತಂದುಕೊಟ್ಟಳು, ಅಲ್ಲೊಂದು ಗೆರೆ ಎಳೆ ಎಂದಳು. ಎಳೆದೆ. ಆ ತುಂಡನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ನನ್ನ ಕೈಗೆ ಕೊಟ್ಟಳು.

ನಾನು ಅಭ್ಯಾಸಬಲದಿಂದ ಕೆಳಗಿನ ಟೊಂಗೆಗೆ ಕಟ್ಟಲು ಹೋದೆ. ಅವಳು ನನ್ನ ಮೊಣಕೈ ಹಿಡಿದು ತಡೆದಳು. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ದೂಡಿದಳು.

“ನಾಳೆ ಮುಂಜಾನೆ ಇಬ್ಬರೂ ಹೋಗಿ ಬಿಟ್ಟು ಬರೂಣು. ಇವತ್ತೊಂದಿನ ಮ್ಯಾಲಿನ ಟೊಂಗಿಗೆ ಕಟ್ಟು,” ಅಂದಳು. “ಬರೂ ವರ್ಷ ಅವಗ ಎಟಕ್ತಿತ್ತು.”